ಮೂರು ವರ್ಷದ ಥ್ಯಾಂಕ್ಸ್

ಇಂಗ್ಲಿಷ್ ಮಾಸ್ತರರು ಮಕ್ಕಳಿಗೆ ಹೇಳಿದ್ದನ್ನು ತಾವೇ ನಂಬಬಾರದು. ತ್ರ್ಯಂಬಕ ಮಾಸ್ತರರು ನಂಬಿದರು, ಕೆಟ್ಟರು.

೧೯೭೪ರ ಒಂದು ಶನಿವಾರ. ಸವದತ್ತಿಯ ಹೈಸ್ಕೂಲಿನಲ್ಲಿ ಅವರು ಹಲಗೆಯ ಮೇಲೆ 'ಥ್ಯಾಂಕ್ಸ್' ಎಂದು ಬರೆದರು. ನೆನೆಯುವುದಕ್ಕೆ ಹೇಳುವ 'ಥಿಂಕ್' ಶಬ್ದವೂ ಇದೂ ಒಂದೇ ಬೇರಿನವು, ಉಪಕಾರ ಮಾಡಿದವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ ಎಂಬುದೇ ಅದರ ಮೂಲ ಅರ್ಥ, ಸಣ್ಣ ಉಪಕಾರಕ್ಕೂ ಅನ್ನಬೇಕು ಎಂದು ವಿವರಿಸಿದರು. ಹೇಳುತ್ತ ಹೇಳುತ್ತ ಅವರಿಗೇ ನಾಚಿಕೆಯಾಯಿತು.

ಹೆಂಡತಿ ತೀರಿಕೊಂಡ ಮೇಲೆ ಈ ಊರಿಗೆ ಬಂದು ಮೂರು ವರ್ಷ. ಪಕ್ಕದ ಮನೆಯ ಶಾಂತಾಬಾಯಿ ದಿನಾ ಒಂದು ಬಟ್ಟಲು ಪಲ್ಯ ಕೊಡುತ್ತಿದ್ದರು, ಭಾನುವಾರ ತಮ್ಮ ಮನೆಯಲ್ಲೇ ಎಲೆ ಹಾಕುತ್ತಿದ್ದರು. ವಾರದಲ್ಲಿ ಮಾಸ್ತರರು ನಾಲ್ಕು ಮಾತಾಡುತ್ತ ಉಣ್ಣುತ್ತಿದ್ದದ್ದು ಅದೊಂದೇ ಊಟ. ಉಳಿದದ್ದೆಲ್ಲ ಗೋಡೆ ನೋಡುತ್ತ ನುಂಗುವುದು. ಇಷ್ಟಾದರೂ ಆ ಶಬ್ದವನ್ನು ಆಕೆಗೆ ಒಮ್ಮೆಯೂ ಅಂದಿರಲಿಲ್ಲ.

ಮನೆಗೆ ಬಂದವರೇ ತೊಳೆದ ಬಟ್ಟಲು ಕೊಟ್ಟು, "ವೈನಿ, ಥ್ಯಾಂಕ್ಸ್ ರೀ," ಅಂದರು.

ಶಾಂತಾಬಾಯಿಯ ಮುಖ ಸಣ್ಣದಾಯಿತು. ಆ ಓಣಿಯಲ್ಲಿ ಪಲ್ಯ ಕೊಟ್ಟವರಿಗೆ ಯಾರೂ ಹಾಗೆ ಅಂದವರಲ್ಲ. ಆಕೆ ಆ ಶಬ್ದ ಕೇಳಿದ್ದು ಬೀಳ್ಕೊಡುವ ಸಮಾರಂಭಗಳಲ್ಲಿ ಮಾತ್ರ, ವರ್ಗವಾದವರು ಹಾರ ಹಾಕಿಸಿಕೊಂಡು ಕಡೆಗೆ ಆಡುವ ಮಾತಿನಲ್ಲಿ.

"ಯಾವ ಊರಿಗಾತ್ರಿ?"

"ಏನು?"

"ವರ್ಗ."

"ವರ್ಗಾನೂ ಇಲ್ಲ, ಏನೂ ಇಲ್ರಿ ವೈನಿ."

"ಇರ್ಲಿ ಬಿಡ್ರಿ. ನಮ್ಮ ಮುಂದ ಹೇಳಬಾರದು ಅಂತ ಇದ್ರ ಬ್ಯಾಡ," ಎಂದು ಆಕೆ ಕಣ್ಣೊರೆಸಿಕೊಂಡು ಒಳಗೆ ಹೋದರು.

ಎರಡು ಗಂಟೆಗೆ ಸುದ್ದಿ ಓಣಿ ದಾಟಿತ್ತು. ಸಾಲೆಯ ಸಿಪಾಯಿ ಲಗಮಣ್ಣ ಹಗ್ಗ ಹಿಡಿದು ಬಂದು ಹಾಸಿಗೆ ಸುತ್ತತೊಡಗಿದ.

"ಲಗಮಣ್ಣ, ನಾ ಎಲ್ಲೂ ಹೋಗೂದಿಲ್ಲೋ."

"ಹೋಗೋರೆಲ್ಲಾ ಹಂಗ ಅಂತಾರ್ರೀ ಸರ. ಚಾದ ಕಪ್ಪು ಬಟ್ಟ್ಯಾಗ ಸುತ್ತಲೇನ್ರಿ?"

ಮಾಸ್ತರರ ಬಾಡಿಗೆ ಖೋಲಿಯ ಮಾಲಕ ಕೃಷ್ಣಾಜಿ ಬಂದು, ಸುಣ್ಣ ಎಷ್ಟು ಬೇಕಾದೀತೆಂದು ಗೋಡೆ ನೋಡಿಕೊಂಡು ಹೋದರು.

ಐದಕ್ಕೆ ಓಣಿಯೆಲ್ಲ ಖೋಲಿಯಲ್ಲಿತ್ತು. ಹೂ ಮಾರುವ ರಾಚವ್ವ ತಾನೇ ಹಾರ ಕಟ್ಟಿ ತಂದಿದ್ದಳು. "ನನ್ನ ಬುಟ್ಟಿ ಮುಂದ ಹಾಯುವಾಗ ಮಾಸ್ತರ್ರು ದಿನಾ ನಕ್ಕು ಹೋಗ್ತಿದ್ರು. ಹೂ ಒಂದಿನಾನೂ ತಗೊಳ್ಳಲಿಲ್ಲ ಖರೆ, ನಗೂದು ಬಿಡಲಿಲ್ಲ," ಅಂದಳು.

ಮಾಸ್ತರರು ನಿಜ ಹೇಳಲೆಂದು ಎದ್ದು ನಿಂತರು. ಆದರೆ ಮೂರು ವರ್ಷದಲ್ಲಿ ಆ ಖೋಲಿಯಲ್ಲಿ ಕೂಡಲು ಜಾಗ ಸಾಲದೆ ಹೋದದ್ದು ಇದೇ ಮೊದಲು. ಹೇಳಿಬಿಟ್ಟರೆ ಎಲ್ಲರೂ ನಕ್ಕು ಎದ್ದು ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಇನ್ನೊಂದು ತಾಸು ಇರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಹಾರ ಹಾಕಿಸಿಕೊಂಡು ಕೂತರು. ಅವರಿಗೆ ಬಹಳ ಸಂತೋಷವಾಗಿತ್ತು.

ಅಷ್ಟರಲ್ಲಿ ಲಗಮಣ್ಣ, ಸಾಲೆ ನಡೆಸುವ ಸಂಸ್ಥೆಯ ಚೇರಮನ್ನರನ್ನೇ ಕರೆತಂದ. ಅವರು ಸುತ್ತಿ ಕಟ್ಟಿದ ಹಾಸಿಗೆ ನೋಡಿ ಗದ್ಗದಿತರಾದರು.

"ನಮ್ಮ ರಾಮದುರ್ಗದ ಸಾಲಿಗೆ ಇಂಗ್ಲಿಷ್ ಮಾಸ್ತರ್ರು ಇಲ್ಲದ ಮೂರು ತಿಂಗಳಾತು. ಕೇಳಿದವರೆಲ್ಲಾ ಒಂದೊಂದು ನೆವಾ ಹೇಳಿದ್ರು. ಇವರು ನೋಡ್ರಿ, ಕೇಳೂಕಿಂತ ಮೊದಲ ಗಂಟು ಕಟ್ಟಿ ಕುಂತಾರ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ತರರು ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಸಾಹೇಬ್ರ, ನನಗ ವರ್ಗ ಆಗೇ ಇಲ್ರಿ."

"ಗೊತ್ತೈತಿ. ಅದಕ್ಕ ಈಗ ಆರ್ಡರ್ ಬರದು ತಂದೇನಿ."

"ನಾಳೆ ಭಾನುವಾರ ಅದರಿ," ಎಂದು ಶಾಂತಾಬಾಯಿ ಬಾಗಿಲ ಮರೆಯಿಂದ ಅಂದರು. "ಉಂಡು ಹೋಗ್ಲಿ."

"ಬ್ಯಾಡ ತಾಯಿ, ಈಗಿನ ಬಸ್ಸಿಗೇ ಹತ್ತಲಿ," ಎಂದು ಚೇರಮನ್ನರು ಮಾಸ್ತರರ ಬೆನ್ನು ತಟ್ಟಿದರು. "ಊಟದ ಚಿಂತಿ ಮಾಡಬ್ಯಾಡ್ರಿ. ಅಲ್ಲೊಂದು ಖಾನಾವಳಿ ಐತಿ, ಭಾಳ ಚೊಲೊ. ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಟೇಬಲ್. ಯಾರೂ ಮಾತಾಡಸಂಗಿಲ್ಲ."