ಬಾಯಿ ತೆರೀರಿ, ನಾಲಿಗೆ ಎತ್ತಿ

ನಿವೃತ್ತಿ ಎಂದರೆ ವಿಶ್ರಾಂತಿ ಎಂದು ಯಾರು ಹೇಳಿದರೋ, ಆ ಪುಣ್ಯಾತ್ಮ ಒಮ್ಮೆ ನನ್ನ ಕೈಗೆ ಸಿಗಬೇಕು. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಔಷಧ ಹಂಚಿದಾಗ ಆಗದ ಸುಸ್ತು ಸಾಂತಾಕ್ರೂಜ್ ಸ್ಟೇಷನ್ ಪಕ್ಕದ ಮೆಡಿಕಲ್ ಅಂಗಡಿಯಲ್ಲಿ ಮೂರೇ ತಿಂಗಳು ನಿಂತಿದ್ದಕ್ಕೆ ಆಗಿದೆ. ನಾನು ಗುಂಡು ಹಾರಿಸಿದ ಸಿಪಾಯಿ ಅಲ್ಲ, ಫಾರ್ಮಸಿಸ್ಟ್. ರಜೆಗೆ ನಮ್ಮೂರು ವಿಜಯಪುರಕ್ಕೆ ಹೋದಾಗ ಯಾರಾದರೂ ಕಣ್ಣರಳಿಸಿ, "ಬಾರ್ಡರಿನ್ಯಾಗ ಏನ್ ಮಾಡ್ತಿದ್ರಿ ಸಾಹೇಬ್ರ?" ಎಂದು ಕೇಳುತ್ತಿದ್ದರು. "ಗುಳಿಗಿ ಕೊಡ್ತಿದ್ದೆ" ಎಂದರೆ ಸಾಕು, ಕೇಳಿದವರ ಮುಖ ಸಪ್ಪಗಾಗಿ ಮಾತು ಮಳೆ-ಬೆಳೆಯ ಕಡೆ ಹೊರಳುತ್ತಿತ್ತು. ಆದರೆ ಆ ಗುಳಿಗೆ ಕೊಡುವುದರಲ್ಲೂ ಒಂದು ಗತ್ತಿತ್ತು ಎಂಬುದು ಅವರಿಗೇನು ಗೊತ್ತು!

ಸೈನ್ಯದಲ್ಲಿ ಬೆಳಿಗ್ಗೆ ಸಿಕ್ ಪರೇಡ್ ಎಂದು ಒಂದಿರುತ್ತದೆ. ಮೈ ಹುಷಾರಿಲ್ಲದವರೆಲ್ಲ ಸಾಲಾಗಿ ನಿಲ್ಲಬೇಕು. ಡಾಕ್ಟರ್ ಸಾಹೇಬರು ಬರೆದುಕೊಡುತ್ತಾರೆ, ನಾನು ಕಿಟಕಿಯಿಂದ ಔಷಧ ಕೊಡುತ್ತೇನೆ, ಮೊದಲ ಗುಳಿಗೆಯನ್ನು ಅವರು ಅಲ್ಲೇ, ನನ್ನ ಕಣ್ಣೆದುರಿಗೇ ನುಂಗಬೇಕು. ನಮ್ಮ ಜವಾನರು ಮಂಜಿಗೆ ಹೆದರುವುದಿಲ್ಲ, ಕಡಿದಾದ ಗುಡ್ಡಕ್ಕೆ ಹೆದರುವುದಿಲ್ಲ, ಮಲೇರಿಯಾದ ಕಹಿ ಗುಳಿಗೆಗೆ ಮಾತ್ರ ಗಡಗಡ ನಡುಗುತ್ತಾರೆ. ಅದನ್ನು ನಾಲಿಗೆಯ ಕೆಳಗೆ ಅಡಗಿಸಿಕೊಂಡು, ನನಗೊಂದು ಸಲ್ಯೂಟ್ ಹೊಡೆದು, ಗೋಡೆಯ ಆಚೆ ಹೋಗಿ ಉಗುಳುತ್ತಾರೆ. ಆದ್ದರಿಂದ ನುಂಗಿದ ಮೇಲೆ ನನ್ನ ಹುಕುಂ: "ಮುಂಹ್ ಖೋಲ್, ಜೀಭ್ ಉಠಾ." ಆರಡಿಯ ಕುಸ್ತಿಪಟುಗಳೂ ಚಿಕ್ಕ ಮಕ್ಕಳ ಹಾಗೆ ಬಾಯಿ ತೆರೆದು ನಿಲ್ಲುತ್ತಿದ್ದರು. ಸುಬೇದಾರನಾಗಿ ಹೊರಬರುವ ಹೊತ್ತಿಗೆ ಒಂದು ಬೆಟಾಲಿಯನ್ನಿನಷ್ಟು ನಾಲಿಗೆಗಳನ್ನು ನೋಡಿದ್ದೆ.

ಕೊನೆಯ ಪೋಸ್ಟಿಂಗ್ ಮುಂಬಯಿಯಲ್ಲೇ ಆಗಿತ್ತು. ಮಗಳು ಇಲ್ಲಿಯ ಕಾಲೇಜಿಗೆ ಸೇರಿದ್ದಳು, ಓದು ಮುಗಿಯಲು ಇನ್ನೂ ಎರಡು ವರ್ಷ ಬೇಕು. ಹೀಗಾಗಿ ವಿಕ್ರೋಳಿಯ ಒಂದು ಬಿಲ್ಡಿಂಗಿನಲ್ಲಿ ಬಾಡಿಗೆಗೆ ಉಳಿದುಕೊಂಡೆವು. ಮಗಳೇ ನನ್ನ ರೆಸ್ಯೂಮೆ ಟೈಪ್ ಮಾಡಿದಳು. "ಪಪ್ಪಾ, ಇಷ್ಟ್ ವರ್ಷ ನೀವು ಎಕ್ಸಾಕ್ಟ್ಲಿ ಕ್ಯಾ ಕರ್ತೇ ಥೇ?" ಎಂದು ಅವಳು ಕೇಳಿದಾಗ ಹತ್ತು ನಿಮಿಷ ಯೋಚಿಸಿ, "ಎಲ್ಲಾರೂ ಗುಳಿಗಿ ನುಂಗೂಹಂಗ ನೋಡ್ಕೊಂಡೆ" ಎಂದೆ. ಅದನ್ನು ಅವಳು ಇಂಗ್ಲಿಷಿನಲ್ಲಿ ಎಷ್ಟು ಚೆಂದ ಬರೆದಳೆಂದರೆ, ಓದಿ ನನ್ನ ಮೇಲೆ ನನಗೇ ಗೌರವ ಬಂತು.

ಮೊದಲ ನೌಕರಿ ಫೋರ್ಟಿನಲ್ಲಿ, ಡಾಕ್ಟರುಗಳ ಬಳಿ ಹೋಗಿ ಕಂಪನಿಯ ಔಷಧದ ಗುಣಗಾನ ಮಾಡುವುದು. ಡಾಕ್ಟರರ ಎದುರು ನಾನು ಅಟೆನ್ಷನ್‌ನಲ್ಲಿ ನಿಂತುಬಿಡುತ್ತಿದ್ದೆ. ಅವರು ಕೂರಿ ಎನ್ನುವವರೆಗೆ ಕೂರುವಂತಿಲ್ಲ, ಕೇಳುವವರೆಗೆ ಮಾತಾಡುವಂತಿಲ್ಲ ಎಂಬುದು ನನ್ನ ಅಭ್ಯಾಸ. ಅವರು ಎರಡನ್ನೂ ಮಾಡುತ್ತಿರಲಿಲ್ಲ. ಎರಡನೆಯದು ವಿಕ್ರೋಳಿಯಲ್ಲೇ ಒಂದು ಔಷಧದ ಗೋದಾಮು. ಮಿಲಿಟರಿ ಸ್ಟೋರಿನವನ ಹಿರಿಮೆ ಇರುವುದು ಸಾಮಾನು ಕೊಡುವುದರಲ್ಲಲ್ಲ, ಕಾಪಾಡುವುದರಲ್ಲಿ. ಹಾಗಾಗಿ ಸೈನ್ಯದ ಪದ್ಧತಿಯಂತೆ ಮೂರನೆಯ ಸಹಿ ಇಲ್ಲದೆ ಬಂದ ಟೆಂಪೋಗಳನ್ನೆಲ್ಲ ಧೈರ್ಯವಾಗಿ ವಾಪಸು ಕಳಿಸಿದೆ. ಅಲ್ಲಿ ಸಹಿ ಮಾಡುವವರು ಇದ್ದದ್ದೇ ಇಬ್ಬರು ಎಂದು ಆಮೇಲೆ ಗೊತ್ತಾಯಿತು.

"ಏನ್ರೀ, ಇದೂ ಹೋತೇನು?" ಎಂದಳು ನನ್ನ ಹೆಂಡತಿ ಶಾರದಾ, ಮೆಂತ್ಯೆ ಸೋಸುತ್ತ. "ಇನ್ನೊಂದು ಹೋತಂದ್ರ ನಮ್ಮಣ್ಣನ ಸಿಮೆಂಟ್ ಅಂಗಡ್ಯಾಗ ಕುಂಡ್ರೂದೊಂದ ಬಾಕಿ ನೋಡ್ರಿ. ಅವ ಹೂಂ ಅಂದಾನ." ವಿಜಯಪುರದಲ್ಲಿರುವ ಭಾವಮೈದುನನ ಸಿಮೆಂಟ್ ಅಂಗಡಿ! ಆತ ಒಳ್ಳೆಯವನೇ. ಆದರೆ ನನ್ನನ್ನು ಕಂಡಾಗಲೆಲ್ಲ "ಮಿಲಿಟ್ರಿ ಬಂತ ಮಿಲಿಟ್ರಿ" ಎಂದು ನಾಲ್ಕು ಜನರ ಮುಂದೆ ತೊಡೆ ತಟ್ಟಿ ನಗುತ್ತಾನೆ. ಅಷ್ಟೇ ಅಲ್ಲ, ನಾವು ಅಲ್ಲಿಗೆ ಹೋದರೆ ಮಗಳು ಇಲ್ಲಿ ಹಾಸ್ಟೆಲ್ ಹುಡುಕಬೇಕು. ಹಾಗಾಗಿ ಮೂರನೆಯದಾಗಿ ಸಿಕ್ಕ ಸಾಂತಾಕ್ರೂಜಿನ ಅಂಗಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇನೆ ಎಂದಿದ್ದರು ಸೇಠ್.

ಮೂರು ತಿಂಗಳು ತುಂಬಲು ಐದೇ ದಿನ ಇದ್ದಾಗ ಶೆಣೈಯವರು ಬಂದರು. ಅವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಅಂಗಡಿಯ ಹಿಂದಿರುವ ಹೌಸಿಂಗ್ ಸೊಸೈಟಿಯಲ್ಲಿ ಮನೆ, ಕರಾವಳಿಯ ಕಡೆಯವರು. ಬಿಪಿ ಗುಳಿಗೆ ಬೇಕೆಂದು ಚೀಟಿ ಕೊಟ್ಟರು. ಅವತ್ತು ದಾದರಿನಲ್ಲಿ ಲೋಕಲ್ ಬದಲಿಸುವಾಗ ಜನ ನನ್ನನ್ನು ಹಿಂಡಿ ಹಿಪ್ಪೆ ಮಾಡಿದ್ದರು, ತಲೆ ನೆಟ್ಟಗಿರಲಿಲ್ಲ, ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಪಟ್ಟಿಯಿಂದ ಒಂದು ಗುಳಿಗೆ ಬಿಡಿಸಿ ಅವರ ಅಂಗೈಗೆ ಹಾಕಿ, ನನ್ನ ಬಾಟಲಿಯಿಂದ ನೀರು ಬಗ್ಗಿಸಿ ಕೊಟ್ಟು, "ನುಂಗ್ರಿ" ಎಂದು ಗದರಿದೆ. ನನ್ನ ದನಿಗೆ ಗಾಬರಿಯಾಗಿಯೋ ಏನೋ, ಪಾಪ, ನುಂಗಿಯೇಬಿಟ್ಟರು. ಅಲ್ಲಿಗೆ ಬಿಡಬಾರದಿತ್ತೇ? "ಬಾಯಿ ತೆರೀರಿ. ನಾಲಿಗೆ ಎತ್ತಿ" ಎಂದೆ.

"ಎಂಥದ್ದು ಮಾರಾಯ್ರೆ ಇದು?" ಶೆಣೈಯವರು ಕೆಂಪಗಾದರು. "ಇಡೀ ಬ್ರಾಂಚ್ ನನ್ನ ಮುಂದೆ ಬಾಯಿ ಮುಚ್ಚಿ ನಿಲ್ತಿತ್ತು, ಗೊತ್ತುಂಟಾ ನಿಮಗೆ? ನೀವು ನನಗೆ ಬಾಯಿ ತೆರಿ ಅಂತ ಹೇಳುದಾ?" ಔಷಧವನ್ನು ಅಲ್ಲೇ ಬಿಟ್ಟು ಹೊರಟುಹೋದರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಸೊಸೈಟಿಯ ವಾಟ್ಸ್ಯಾಪಿನಲ್ಲಿತ್ತು.

ಸೇಠ್ ಬಯ್ಯಲಿಲ್ಲ. ಬೈದಿದ್ದರೆ ನನಗೆ ಅಭ್ಯಾಸವಿತ್ತು. ಅವರು ಕೈಮುಗಿದು, "ಸುಬೇದಾರ್ ಸಾಬ್, ಯೇ ದುಕಾನ್ ಹೈ, ಮಿಲಿಟ್ರಿ ಕ್ಯಾಂಪ್ ನಹೀ" ಎಂದರು. ಶೆಣೈಯವರು ಅಂಗಡಿ ಬಿಟ್ಟರೆ ಇಡೀ ಸೊಸೈಟಿ ಬಿಟ್ಟ ಹಾಗೆ, ಮನೆಗೆ ಹೋಗಿ ಮಾಫಿ ಕೇಳಿ, ಅವರು ವಾಪಸು ಬಂದರೆ ನೀವು ಕಾಯಂ, ಇಲ್ಲವಾದರೆ ಶನಿವಾರಕ್ಕೆ ರಾಮ್ ರಾಮ್ ಎಂದು ಹಿಂದಿಯಲ್ಲೇ ಮೆತ್ತಗೆ ಹೇಳಿದರು.

ಮರುದಿನ ಬೆಳಿಗ್ಗೆ ಶೆಣೈಯವರ ಮನೆಯ ಸೋಫಾದ ತುದಿಯಲ್ಲಿ ಕೂತೆ. ನಾಚಿಕೆಯಿಂದ ಮೈ ಹಿಡಿಯಷ್ಟಾಗಿತ್ತು. ಸಿಕ್ ಪರೇಡಿನ ಕಥೆ ಪೂರ್ತಿ ಹೇಳಿದೆ. "ತಪ್ಪಾತ್ರಿ ಸರ್. ಕೈಗೆ ರೂಢಿ ಬಿದ್ದೈತಿ, ಬಿಡವಲ್ದು. ಈ ನೌಕರಿ ಹೋದ್ರ ನಾ ಊರಿಗೆ ಹೋಗಿ ಸಿಮೆಂಟ್ ಚೀಲ ಎಣಸಬೇಕ್ರಿ" ಎಂದೆ. ಶೆಣೈಯವರ ಹೆಂಡತಿ ಚಹಾ ತಂದಿಟ್ಟು, "ಇವರ ಬಾಯಿ ತೆರೆಸಿದ್ದು ನೀವಾ? ಒಳ್ಳೇದು ಮಾಡಿದ್ರಿ. ಅಲ್ಲಿ ನೋಡಿ" ಎಂದು ಬಾಲ್ಕನಿಯ ತುಳಸಿ ಕುಂಡ ತೋರಿಸಿದರು. ಮಣ್ಣಿನಲ್ಲಿ ಬಿಳಿ ಗುಳಿಗೆಗಳು ಇಣುಕುತ್ತಿದ್ದವು. "ಆರು ತಿಂಗಳಿಂದ ಔಷಧ ಎಲ್ಲ ತುಳಸಿಗೇ. ಅವಳ ಬಿಪಿ ಸರಿ ಉಂಟು."

ಶೆಣೈಯವರು ಮ್ಯಾನೇಜರರ ಕಣ್ಣಿನಿಂದ ನನ್ನನ್ನೇ ನೋಡಿದರು. "ಅದಿರಲಿ ಸುಬೇದಾರ್ರೆ, ನಿಮಗೆ ಬಿಪಿ ಇಲ್ವಾ?"

"ಐತ್ರಿ."

"ಇವತ್ತಿನದ್ದು ತಗೊಂಡ್ರಾ?"

ಓದುಗರೇ, ನಿಮ್ಮ ಮುಂದೆ ಏಕೆ ಮುಚ್ಚಿಡಲಿ? ಸೈನ್ಯದಿಂದ ಬಿಡುವಾಗಿನ ವೈದ್ಯಕೀಯ ತಪಾಸಣೆಯಲ್ಲೇ ನನಗೆ ಬಿಪಿ ಎಂದಿದ್ದರು. ಶಾರದಾ ದಿನಾ ಬೆಳಿಗ್ಗೆ ಗುಳಿಗೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕುತ್ತಾಳೆ. ನಾನು ಅದನ್ನು ದಿನಾ ದಾದರ್ ಸ್ಟೇಷನ್ನಿನ ಕಸದ ಡಬ್ಬಿಗೆ ಹಾಕುತ್ತಿದ್ದೆ. ಕಿಟಕಿಯ ಈಚೆ ನಿಂತು ಕೊಟ್ಟವನು ನಾನು. ಆ ಗುಳಿಗೆ ನುಂಗಿದರೆ ಕಿಟಕಿಯ ಆಚೆಯ ಸಾಲಿಗೆ ಸೇರಿದಂತೆ, ನನ್ನ ಕಾಲ ಮುಗಿಯಿತೆಂದು ಒಪ್ಪಿಕೊಂಡಂತೆ ಅನ್ನಿಸುತ್ತಿತ್ತು. ಸಂಕಟವಾಗುತ್ತಿತ್ತು, ಅಷ್ಟೇ. ಅವತ್ತು ಗಡಿಬಿಡಿಯಲ್ಲಿ ಎಸೆಯುವುದು ಮರೆತಿದ್ದೆ. ಕೈ ತಾನಾಗಿಯೇ ಜೇಬಿನ ಕಡೆ ಹೋಯಿತು. ಸಾಲ ಕೇಳಲು ಬಂದವರ ಜೇಬನ್ನು ನೋಡಿಯೇ ಪಳಗಿದ ಮನುಷ್ಯ, ಬಿಡುತ್ತಾರೆಯೇ?

"ತೆಗೀರಿ" ಎಂದರು. ತೆಗೆದೆ. ಅವರ ಹೆಂಡತಿ ಎರಡು ಲೋಟ ನೀರು, ಜೊತೆಗೆ ಗಂಡನದೊಂದು ಗುಳಿಗೆಯನ್ನೂ ತಂದರು. "ನೀವು ಮೊದಲು" ಎಂದರು ಶೆಣೈ. ನುಂಗಿದೆ. "ಬಾಯಿ ತೆರೀರಿ." ತೆರೆದೆ. "ನಾಲಿಗೆ ಎತ್ತಿ." ಎತ್ತಿದೆ. ಆಮೇಲೆ ಅವರೂ ತಮ್ಮದನ್ನು ನುಂಗಿ, ಆ ಎಂದು ತೋರಿಸಿದರು. ಆ ಮನೆಯೊಡತಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ನಾನು ಕಾಯಂ. ಶೆಣೈಯವರು ದಿನಾ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಬರುತ್ತಾರೆ, ಸೊಸೈಟಿಯ ಇನ್ನಿಬ್ಬರನ್ನೂ ಕರೆತರುತ್ತಾರೆ. ನಾಲ್ವರೂ ಒಟ್ಟಿಗೆ ಗುಳಿಗೆ ನುಂಗಿ ಒಬ್ಬರಿಗೊಬ್ಬರು ಬಾಯಿ ತೆರೆದು ತೋರಿಸುತ್ತೇವೆ. ಸೇಠ್ ಕೌಂಟರಿನ ಮೇಲೆ ನೀರಿನ ಜಗ್ಗು ಇಡಿಸಿದ್ದಾರೆ, ಎಲ್ಲ ತಮ್ಮದೇ ಐಡಿಯಾ ಎಂದು ಹೇಳಿಕೊಳ್ಳುತ್ತಾರೆ. "ಈಗರೆ ಗುಳಿಗಿ ತಗೊಳ್ಳಾಕತ್ತೀರಿಲ್ಲೋ?" ಎಂದು ಶಾರದಾ ಕೇಳುತ್ತಾಳೆ. ದಾದರಿನ ಡಬ್ಬಿಯ ವಿಷಯ ಅವಳಿಗೆ ಯಾರು ಹೇಳಿದರು ಎಂದು ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಮಾತ್ರ ಯಾಕೋ ತೀರಾ ಬೇಸರ ಬಂತು. ಗುಳಿಗೆಯನ್ನು ದವಡೆಯ ಸಂದಿಗೆ ತಳ್ಳಿ, ಗಟಗಟ ನೀರು ಕುಡಿದು, ಧೈರ್ಯವಾಗಿ ಬಾಯಿ ತೆರೆದೆ. ಶೆಣೈಯವರು ಕನ್ನಡಕ ಸರಿಮಾಡಿಕೊಂಡು ಒಳಗೆ ಇಣುಕಿ, "ಎಡಗಡೆ, ಹಿಂದಿನ ಹಲ್ಲಿನ ಹತ್ರ" ಎಂದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ದವಡೆಯೊಳಗೆ ನೋಡಿರಲಿಲ್ಲ. ನನ್ನ ಜವಾನರು ಎಷ್ಟು ಜನ ಸಲ್ಯೂಟ್ ಹೊಡೆದು ಹೋಗಿ ಉಗುಳಿದರೋ, ದೇವರೇ ಬಲ್ಲ.