ಮೂರಡಿ ಜಾಗ, ಹದಿನೇಳು ಮೆಟ್ಟಿಲು

ನಮ್ಮ ಹೊರಮಾವು ಕಡೆ ಎರಡು ಮನೆ ಅಕ್ಕಪಕ್ಕ ಎದ್ದರೆ ಸಾಕು, ನಡುವೆ ಒಂದು ತಕರಾರು ತಾನಾಗೇ ಹುಟ್ಟುತ್ತೆ. ಯಾರೂ ಬಿತ್ತಬೇಕಾಗಿಲ್ಲ, ನೀರೂ ಹಾಕಬೇಕಾಗಿಲ್ಲ. ನಾನು ಇಪ್ಪತ್ತೆಂಟು ವರ್ಷ ಸಿಟಿ ಬಸ್ ಓಡಿಸಿದವನು. ಶಿವಾಜಿನಗರದ ಸಂದಿಗಳಲ್ಲಿ ಎರಡೂ ಪಕ್ಕ ನಾಲ್ಕು ಬೆರಳು ಜಾಗ ಬಿಟ್ಟುಕೊಂಡು ಬಸ್ ತೂರಿಸಿದ್ದೀನಿ, ಒಂದು ಗೀರು ಬಿದ್ದಿಲ್ಲ. ರಿಟೈರಾಗಿ ಮನೇಲಿ ಕೂತ ಮೇಲೆ ಒಂದೂವರೆ ಅಡಿಯಲ್ಲಿ ಸಿಕ್ಕಿಹಾಕಿಕೊಂಡೆ.

ವಿಷಯ ಇಷ್ಟೇ. ನಮ್ಮ ಗೋಡೆಯಿಂದಾಚೆ, ಪೂರ್ವದ ಕಡೆ ಪಕ್ಕದ ಮನೆಯವನ ಗೋಡೆ ತನಕ ಮೂರಡಿ ಖಾಲಿ ಜಾಗ ಇದೆ. ನಮ್ಮದು ಅಂತಲೇ ನಾವು ನಂಬಿದ್ದ ಜಾಗ. ಅಲ್ಲಿ ಮೆಟ್ಟಿಲು ಕಟ್ಟಿ, ತಾರಸಿ ಮೇಲೆ ನನ್ನ ಹೆಂಡತಿಗೆ ಒಂದು ರೂಮು ಹಾಕಿಸಬೇಕು ಅಂತ ಆಸೆ. ಅವಳು ಬ್ಲೌಸ್ ಹೊಲಿಯುತ್ತಾಳೆ. ನಮ್ಮ ಹಾಲಿನಲ್ಲಿ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಹಾಕದೆ ಸೂಜಿಗೆ ದಾರ ಏರಲ್ಲ. ವರ್ಷಗಟ್ಟಲೆ ಆ ಬೆಳಕಲ್ಲೇ ಹೊಲಿದು ಕಣ್ಣು ಮಂಜಾಗಿದೆ. "ಬೆಳಗಿನ ಬಿಸಿಲು ಮಿಷಿನ್ ಮೇಲೆ ಬೀಳೋ ಒಂದು ಕಿಟಕಿ ಸಾಕು ಕಣ್ರೀ, ಇನ್ನೇನೂ ಬೇಡ" ಅಂದಿದ್ದಳು. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅಷ್ಟರಲ್ಲಿ ಪಕ್ಕದ ಮನೆಯವನು ಸೈಟಿನ ಪತ್ರ ಹಿಡಿದುಕೊಂಡು ಬಂದ. "ಅಣ್ಣ, ಬೇಜಾರು ಮಾಡ್ಕೋಬೇಡಿ. ಈ ಮೂರಡೀಲಿ ಒಂದೂವರೆ ನನ್ನದು."

ಉಳಿದ ಒಂದೂವರೆ ಅಡಿಯಲ್ಲಿ ಬೆಕ್ಕು ಹತ್ತಬಹುದು.

ಕಟ್ಟದ ಮೆಟ್ಟಿಲು

ತಕರಾರು ಶುರುವಾದ ಮೇಲೆ ನನಗೊಂದು ಚಟ ಹತ್ತಿತು. ಊಟ ಆದ ಮೇಲೆ ಆ ಮೂರಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತುಬಿಡುತ್ತಿದ್ದೆ. ಬೀದಿಯ ಹೊಂಗೆಮರದಿಂದ ಹೂವು ಸುಮ್ಮನೆ ಉದುರುತ್ತಿರುತ್ತೆ. ಕಣ್ಣು ಅರ್ಧ ಮುಚ್ಚಿದರೆ ಮೆಟ್ಟಿಲು ಕಾಣೋದು. ಒಂದು, ಎರಡು, ಮೂರು ಅಂತ ಹತ್ತುತ್ತಾ ಹೋಗೋದು. ಒಟ್ಟು ಹದಿನೇಳು. ಹತ್ತನೆಯದರಲ್ಲಿ ತಿರುವು, ಅಲ್ಲಿ ಎರಡು ಉಸಿರು ನಿಲ್ಲುತ್ತಿದ್ದೆ. ಮೇಲೆ ಹೋದರೆ ರೂಮು, ಕಿಟಕಿ, ಬಿಸಿಲಲ್ಲಿ ಅವಳ ಮಿಷಿನ್ನು. ಎಷ್ಟು ಹಿತ ಅಂದರೆ, ಇಳಿದು ಬರೋದಕ್ಕೇ ಮನಸ್ಸಾಗುತ್ತಿರಲಿಲ್ಲ.

ಒಂದು ದಿನ ಹೆಂಡತಿ ಅಡುಗೆಮನೆ ಕಿಟಕಿಯಿಂದ ಕರೆದಳು. "ರೀ, ಕಾಫಿ ಆಯ್ತು. ಎಷ್ಟನೇ ಮೆಟ್ಟಿಲಲ್ಲಿದ್ದೀರಿ?"

"ಹನ್ನೆರಡು" ಅಂದೆ.

"ಹಾಗಾದ್ರೆ ಆರಿಹೋಗುತ್ತೆ, ಅಲ್ಲಿಗೇ ತರ್ತೀನಿ" ಅಂದಳು.

ಎರಡು ಟೇಪು

ಮೊದಲು ನಾವೇ ಅಳೆದುಕೊಳ್ಳೋಣ, ಹೊರಗಿನವರು ಯಾಕೆ ಅಂತ ಒಂದು ಭಾನುವಾರ ಇಬ್ಬರೂ ಇಳಿದೆವು. ಅವನ ಕೈಲಿ ಗಾರೆಯವರ ಟೇಪು. ನನ್ನ ಕೈಲಿ ಹೆಂಡತಿಯ ಬಟ್ಟೆ ಅಳೆಯೋ ಟೇಪು. ಬೀದಿ ಮೊದಲ ಮನೆಯಿಂದ ಅಳೆದುಕೊಂಡು ಬಂದರೆ ಅವನ ಲೆಕ್ಕದಲ್ಲಿ ಅವನಿಗೆ ಜಾಗ ಕಮ್ಮಿ, ನನ್ನ ಲೆಕ್ಕದಲ್ಲಿ ನನಗೆ ಕಮ್ಮಿ. ಟೇಪು ಬದಲಾಯಿಸಿಕೊಂಡು ಅಳೆದೆವು. ಆಗ ಅವನ ಕೈಲಿದ್ದ ನನ್ನ ಟೇಪು ಅವನ ಪರ ಮಾತಾಡಿತು. ನನಗೆ ಸಿಟ್ಟು ಬಂತು.

ಗಲಾಟೆ ಕೇಳಿ ಹೆಂಡತಿ ಹೊರಗೆ ಬಂದಳು. ಎರಡೂ ಟೇಪನ್ನ ಕೈಗೆ ತಗೊಂಡು ನೋಡಿದಳು. ಅವನದರಲ್ಲಿ ತುದಿ ಮುರಿದು ಮೊದಲ ಮೂರು ಇಂಚು ಇರಲೇ ಇಲ್ಲ. ನಮ್ಮದು ಹಳೇದು, ಎಳೆದೆಳೆದು ಉದ್ದ ಆಗಿಹೋಗಿತ್ತು.

"ಇದರಲ್ಲಾ ನೀನು ಊರೋರ ಬ್ಲೌಸ್ ಅಳೆಯೋದು?" ಅಂತ ಕೇಳಿದೆ.

"ಅದಕ್ಕೇ ನನ್ನ ಹತ್ರ ಹೊಲಿಸಿದ್ದು ಯಾರಿಗೂ ಬಿಗಿ ಆಗಲ್ಲ" ಅಂದಳು.

ನೂಲು

ಟೇಪು ಕೈಕೊಟ್ಟ ಮೇಲೆ ಗಾರೆ ಮೇಸ್ತ್ರಿಯನ್ನ ಕರೆಸಿದೆವು. ಅವನು ಎರಡು ಗೂಟ ಹೊಡೆದು, ಆ ಜಾಗದ ಸರಿಯಾಗಿ ನಡುವೆ ಉದ್ದಕ್ಕೂ ನೈಲಾನ್ ನೂಲು ಕಟ್ಟಿ, "ತೀರ್ಮಾನ ಆಗೋ ತನಕ ಇದನ್ನ ಯಾರೂ ಮುಟ್ಟಬಾರದು" ಅಂತ ಹೇಳಿ ಹೋದ. ನಾವಿಬ್ಬರೂ ಮಾತು ಬಿಟ್ಟೆವು. ಎದುರಾದರೆ ಅವನು ಆಕಾಶ ನೋಡುತ್ತಿದ್ದ, ನಾನು ನನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದೆ.

ಮೂರನೇ ದಿನ ಬೆಳಿಗ್ಗೆ ನೋಡಿದರೆ ನೂಲಿನ ತುಂಬ ಬಟ್ಟೆ. ಅವನ ಹೆಂಡತಿಯ ಹಳದಿ ಸೀರೆ, ನನ್ನವಳ ನೀಲಿ ಸೀರೆ, ಎರಡೂ ಗಾಳಿಗೆ ಉಬ್ಬಿಕೊಂಡು ಒಂದಕ್ಕೊಂದು ತಾಕುತ್ತಿದ್ದವು. ಹೆಂಗಸರಿಬ್ಬರೂ ಅತ್ತ ಒಬ್ಬಳು ಇತ್ತ ಒಬ್ಬಳು ನಿಂತು ಕ್ಲಿಪ್ ಹಾಕುತ್ತಾ ಸೊಪ್ಪಿನ ಸಾರಿನ ವಿಷಯ ಮಾತಾಡುತ್ತಿದ್ದರು. ಆ ಬಣ್ಣ, ಆ ಗಾಳಿ ನೋಡುತ್ತಾ ನನಗೆ ಜಗಳ ಮರೆತೇಹೋಯಿತು.

"ಗಡಿ ಮೇಲೆ ಬಟ್ಟೆ ಹಾಕ್ತಾರೇನೆ?" ಅಂತ ಆಮೇಲೆ ಕೇಳಿದೆ.

"ನೀವಿಬ್ರು ಸೇರಿ ಮಾಡಿದ್ದರಲ್ಲಿ ಉಪಯೋಗಕ್ಕೆ ಬಂದಿದ್ದು ಇದೊಂದೇ" ಅಂದಳು.

ದೊಡ್ಡಪ್ಪನ ಬದು

ಈ ಬೀದಿ ಇರೋ ನೆಲವೆಲ್ಲ ಒಂದು ಕಾಲಕ್ಕೆ ಪಕ್ಕದ ಮನೆಯವನ ಮನೆತನದವರ ರಾಗಿ ಹೊಲ. ಸೈಟು ಮಾಡಿ ಮಾರಿ, ಅವನ ಪಾಲಿಗೆ ಅಂತ ಒಂದು ಇಟ್ಟುಕೊಂಡಿದ್ದರು. ಅದಕ್ಕೇ ಅವನು ಕೊನೆಗೆ ತನ್ನ ದೊಡ್ಡಪ್ಪನನ್ನ ಕರಕೊಂಡು ಬಂದ. ಆ ಹೊಲ ಉತ್ತವರಲ್ಲಿ ಉಳಿದಿರೋದು ಅವರೊಬ್ಬರೇ. ಯಾವ ಇಂಚು ಎಲ್ಲಿತ್ತು ಅಂತ ಅವರಿಗೆ ಗೊತ್ತು ಅಂತ ಅವನ ನಂಬಿಕೆ.

ದೊಡ್ಡಪ್ಪ ಬೀದಿ ತುದಿಯ ಜಿಮ್ಮಿನ ಹತ್ತಿರ ನಿಂತರು. "ಇಲ್ಲಿ ಬಾವಿ" ಅಂದರು. ಅಲ್ಲಿಂದ ಅರೆಗಣ್ಣು ಮುಚ್ಚಿ ನಡೆಯೋಕೆ ಶುರು ಮಾಡಿದರು. ನಾವು ಹಿಂದೆ. ನಮ್ಮ ಗೇಟು ದಾಟಿ, ಹಾಲಿನೊಳಗೆ ಬಂದು, ಟೀವಿ ಪಕ್ಕ ಪಂಚೆ ಎತ್ತಿ ಏನನ್ನೋ ದಾಟಿದ ಹಾಗೆ ಕಾಲು ಎತ್ತಿಟ್ಟರು. "ಇಲ್ಲಿ ಬದು" ಅಂದರು. ಆಮೇಲೆ ಹೊಲಿಗೆ ಮಿಷಿನ್ ಮುಂದೆ ನಿಂತು, "ನೀನು ಕೂತಿದ್ದೀಯಲ್ಲ ತಾಯಿ, ಅಲ್ಲಿ ಅವರೆ ಸಾಲು. ಚಳಿ ಬಂದ್ರೆ ಸೊಗಡು ಬೀದಿ ತನಕ ಬರೋದು" ಅಂದರು. ನನ್ನ ಹೆಂಡತಿ ಕತ್ತರಿ ಕೆಳಗಿಟ್ಟು ಉಸಿರು ಎಳೆದುಕೊಂಡಳು. ನಾನೂ ಎಳೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಬಂದ ಹಾಗಾಯಿತು.

ಪಕ್ಕದ ಮನೆಯವನಿಗೆ ಮಾತ್ರ ತಾಳ್ಮೆ ತಪ್ಪಿತು. "ದೊಡ್ಡಪ್ಪ, ಅವರೆ ಇರಲಿ. ನನ್ನ ಗಡಿ ಎಲ್ಲಿತ್ತು ಹೇಳು."

ಅವರು ಕಣ್ಣು ಬಿಟ್ಟು ಅವನನ್ನೇ ನೋಡಿದರು. "ಗಡಿ ಎಲ್ಲಿತ್ತಪ್ಪ? ಎಲ್ಲಾ ನಮ್ಮದೇ ಆಗಿತ್ತಲ್ಲ."

ಆವತ್ತಿಂದ ಒಂದು ವಾರ ನನ್ನ ಹೆಂಡತಿ ಟೀವಿ ಹತ್ತಿರ ಬಂದರೆ ಸೀರೆ ಎತ್ತಿ ಕಾಲಿಡುತ್ತಿದ್ದಳು. ಕೇಳಿದರೆ, ಬದು ತುಳೀಬಾರದು ಅನ್ನುತ್ತಿದ್ದಳು.

ಮೂರು ಕಾಲಿನ ಮಿಷಿನ್ನು

ಕೊನೆಗೆ ಲೈಸೆನ್ಸ್ ಇರೋ ಸರ್ವೆಯರ್ ಒಬ್ಬರನ್ನ ಕರೆಸಿದೆವು. ರಾಯಚೂರು ಕಡೆಯವರು, ಮೂರು ಕಾಲಿನ ಮಿಷಿನ್ ಇಟ್ಟು ಬೀದಿ ಪೂರಾ ಅಳೆದರು. ಏಳು ಮನೆಯವರೂ ಗೇಟಿಗೆ ಬಂದು ನಿಂತಿದ್ದರು.

ಸರ್ವೆಯರ್ ಕಾಗದದಿಂದ ತಲೆ ಎತ್ತಿ ಪಕ್ಕದ ಮನೆಯವನಿಗೆ ಹೇಳಿದರು. "ನೀವು ಹೇಳಿದ್ದು ಖರೇ ಐತ್ರಿ. ಈ ಮೂರಡಿಯಾಗ ಒಂದೂವರೆ ಅಡಿ ನಿಮ್ಮದೈತಿ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋದಳು, ಟ್ಯೂಬ್‌ಲೈಟ್ ಹಾಕಿದ ಸದ್ದು ಕೇಳಿಸಿತು. ಅಷ್ಟು ಸಂಕಟ ನನಗೆ ಕೆಲಸದಲ್ಲಿದ್ದಾಗಲೂ ಆಗಿರಲಿಲ್ಲ.

"ಕಾನೂನು ಅಂದ್ರೆ ಕಾನೂನು ಅಣ್ಣ, ನಾನೇನು ಮಾಡಲಿ" ಅಂದ ಪಕ್ಕದ ಮನೆಯವನು.

"ತಡೀರಿ, ಇನ್ನೂ ಮುಗಿದಿಲ್ರಿ" ಅಂದರು ಸರ್ವೆಯರ್. "ಮೊದಲನೇ ಮನಿಯವರು ಅಳತಿ ಹಿಡಿಯೋವಾಗ ಒಂದೂವರೆ ಅಡಿ ಮೋರಿ ಬಿಟ್ಟು ಈ ಕಡೆಯಿಂದ ಹಿಡಿದಾರ. ಆಮ್ಯಾಲೆ ಕಟ್ಟಿದವರೆಲ್ಲ ಹಿಂದಿನವರ ಅಳತಿ ಮುಗಿದಲ್ಲಿಂದ ಹಿಡಿದಾರ. ಹಿಂಗಾಗಿ ನಿಮ್ಮ ಮನೀನೂ ಆಚೆಯವರ ಜಾಗದಾಗ ಒಂದೂವರೆ ಅಡಿ ಐತಿ."

ಆಚೆ ಮನೆಯ ಟೀಚರಮ್ಮ ಗೇಟಿನಿಂದಲೇ ನಿಧಾನವಾಗಿ ಕೇಳಿದರು. "ಅಂದ್ರೆ ಇವರ ಬಾತ್‌ರೂಮು ನಂದಾ ಸಾರ್?"

"ಅರ್ಧ ನಿಮ್ಮದ್ರಿ."

"ಕಾನೂನು ಅಂದ್ರೆ ಕಾನೂನು" ಅಂದರು ಟೀಚರಮ್ಮ.

"ನಿಮ್ಮದೂ ಮುಂದಿನವರದರಾಗ ಐತ್ರಿ ಮೇಡಮ್ಮಾರೇ. ಹಿಂಗ ಹೋಕ್ಕೋತ ಹೋಕ್ಕೋತ ಕೊನೀ ಮನಿಯವರು ರಾಜಕಾಲುವ್ಯಾಗ ಅದಾರ."

ರಾಜಕಾಲುವೆ ಅನ್ನೋ ಮಾತು ಬಿದ್ದದ್ದೇ ಬೀದಿಗೆ ಬೀದಿಯೇ ತಣ್ಣಗಾಯಿತು. ಆ ಮಾತಿನ ಹಿಂದೆಯೇ ಮನೆ ಒಡೆಯೋ ಜೆಸಿಬಿ ಬರುತ್ತೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕೊನೆ ಮನೆಯವರು ಬೆವರು ಒರೆಸಿಕೊಂಡರು. ಪಕ್ಕದ ಮನೆಯವನು ತನ್ನ ಬಾತ್‌ರೂಮಿನ ಗೋಡೆ ನೋಡಿದ. ಆಮೇಲೆ, "ಸಾರ್, ಬಿಸಿಲು ಜಾಸ್ತಿ ಇದೆ. ಮಿಷಿನ್ ಮಡಚಿಬಿಡಿ, ಮಜ್ಜಿಗೆ ಕುಡಿಯೋಣ" ಅಂದ.

ಅವತ್ತು ಸಂಜೆಗೇ ಏಳು ಮನೆಯವರೂ ಕೂತು, ಮುಂದಿನ ಮನೆಯವರ ಗೋಡೆ ಎಲ್ಲಿದೆಯೋ ಅಲ್ಲೀತನಕ ಹಿಂದಿನವರ ಜಾಗ ಅಂತ ಕಾಗದ ಬರೆದು ಸಹಿ ಹಾಕಿದರು. ಮೂರಡಿ ಪೂರ್ತಿ ನನ್ನದಾಯಿತು. ಒಳಗೆ ಹೋಗಿ ಹೆಂಡತಿಗೆ ಹೇಳಿದರೆ, ಮೊದಲು ನಂಬಲಿಲ್ಲ. ಆಮೇಲೆ ಟ್ಯೂಬ್‌ಲೈಟ್ ಆರಿಸಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ತೆಗೆದರೆ ಕೊನೆ ಮನೆಯವರು, ಜೊತೆಗೆ ಎರಡು ಮೂಟೆ ಸಿಮೆಂಟು, ಇಬ್ಬರು ಗಾರೆಯವರು.

"ಮೆಟ್ಟಿಲು ಇವತ್ತೇ ಶುರು ಮಾಡ್ಬಿಡಿ ಸಾರ್" ಅಂದರು. "ಮತ್ತೆ ಯಾರಾದ್ರೂ ಅಳೆಯೋಕೆ ಬಂದ್ರೆ ನಾನು ನೀರಿಗೆ ಬೀಳ್ತೀನಿ."