ಕಿವಿ ಮಾತ್ರ ನಮ್ಮವರದು

ಗೋಕಾಕದ ಮಾರ್ಕೆಟ್ ಬಾಜೂಕ್ಕೆ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ ಕಾಲದಲ್ಲಿ ಅಲ್ಲಿಗೆ ಬದುಕಿದ್ದವರು ಬರುತ್ತಾರೆ, ಪಕ್ಷಮಾಸದಲ್ಲಿ ಸತ್ತವರು ಬರುತ್ತಾರೆ. ಪಕ್ಷ ಹಿಡಿದ ಮೇಲೆ ಮಹಾನವಮಿಗೆ ಮುಂಚಿನ ಅಮಾವಾಸ್ಯೆ ಮುಗಿಯುವವರೆಗೆ ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಬೇರೆ ಫೋಟೋದವರು ಕ್ಯಾಮೆರಾಕ್ಕೆ ಬಟ್ಟೆ ಹೊದಿಸಿ ನೊಣ ಹೊಡೆಯುತ್ತ ಕೂರುತ್ತಾರೆ. ನನಗೆ ಮಾತ್ರ ಆಗ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಎಡೆ ಇಡುವಾಗ ಗೋಡೆಯ ಮೇಲೆ ಹಿರಿಯರ ಫೋಟೋ ಬೇಕು. ಅದು ದೊಡ್ಡದಿರಬೇಕು, ಬಣ್ಣದ್ದಿರಬೇಕು, ಪಕ್ಕದ ಮನೆಯ ಹಿರಿಯರಿಗಿಂತ ಒಂದು ಗೇಣು ಜಾಸ್ತಿ ಇರಬೇಕು.

ನಿಜ ಹೇಳಬೇಕೆಂದರೆ ಸತ್ತವರದು ಏನೂ ತಕರಾರಿಲ್ಲ. ಅವರು ಅಲುಗಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ, ದಪ್ಪ ಕಾಣುತ್ತೇನೆ ಎಂದು ಮುಖ ಊದಿಸಿಕೊಳ್ಳುವುದಿಲ್ಲ. ತಕರಾರೆಲ್ಲ ಅವರನ್ನು ಚೀಲದಲ್ಲಿ ಹಾಕಿಕೊಂಡು ತರುವ ಬದುಕಿದ್ದವರದು. ಹೀಗಾಗಿ ಪ್ರತಿ ವರ್ಷ ಒಂದಿಲ್ಲೊಂದು ನಡೆದೇ ನಡೆಯುತ್ತದೆ.

ಇಲ್ಲಿಂದ ಮುಂದ ನೀ ಮಾಡ್ಕೊ

ಈ ಸಲ ಪಕ್ಷ ಹಿಡಿದ ಮರುದಿನವೇ ಮಮದಾಪುರದಿಂದ ಒಬ್ಬ ಆಯಿ ಬಂದಳು. ಕುರ್ಚಿ ತೋರಿಸಿದರೂ ನೆಲದ ಮೇಲೇ ಕುಳಿತಳು.

"ನಮ್ಮವರ ಫೋಟೋ ದೊಡ್ಡದ ಮಾಡಿ ಕೊಡ ಯಪ್ಪಾ. ಅಮಾಸಿಗೆ ಬೇಕು."

"ಹಳೇ ಫೋಟೋ ಕೊಡ್ರಿ ಆಯಿ."

"ಹಳೇದ ಇಲ್ಲ. ಇದ್ದಿದ್ರ ನಿನ್ನ ಕಡಿ ಯಾಕ ಬರತಿದ್ನಿ?"

"ಆಧಾರ್ ಕಾರ್ಡ್‌ನಾಗ ಇರಬೇಕಲ್ಲ?"

"ಅದು ಬರೂದ್ರಾಗ ಅವರು ಹೋಗಿದ್ರು."

ಆಮೇಲೆ ಚೀಲದಿಂದ ಒಂದು ಹಳೆಯ ಮದುವೆಯ ಫೋಟೋ ತೆಗೆದಳು. ಬೀಗರು ಸಾಲಾಗಿ ನಿಂತಿದ್ದಾರೆ. ಹಿಂದಿನ ಸಾಲಿನ ಒಂದು ಜಾಗಕ್ಕೆ ಬೆರಳಿಟ್ಟು, "ಇಲ್ಲಿ ಅದಾರ ನೋಡು," ಅಂದಳು. ನೋಡಿದೆ. ಅಲ್ಲಿ ಒಂದು ಭಾರೀ ರುಮಾಲು ಇತ್ತು. ಅದರ ಕೆಳಗೆ ಮುಂದಿನ ಸಾಲಿನವನ ಮುಖ. ಆಯಿಯ ಯಜಮಾನರು ಆ ರುಮಾಲಿನ ಹಿಂದೆ ಮುಳುಗಿಹೋಗಿದ್ದರು.

"ಮುಂದ ನಿಂತಾಂವ ಯಾರ್ರಿ?"

"ನಮ್ಮ ಮೈದುನ. ಅವತ್ತ ಮದವ್ಯಾಗ ನಮ್ಮವರು ನಾಕ ಮಂದಿ ಮುಂದ ಅವಗ, 'ನಿನಗ ರುಮಾಲ ಸುತ್ತಾಕ ಬರೂದಿಲ್ಲ, ಕಣಕಿ ಹೊರಿ ಕಟ್ಟಿದಂಗ ಕಟ್ಟೀದಿ' ಅಂದಬಿಟ್ರು. ಸಿಟ್ಟಿಗೆದ್ದ ಬೇಕಂತ ಮುಂದ ಬಂದ ಅಡ್ಡ ನಿಂತ. ಅವತ್ತ ಬಿಟ್ಟ ಮಾತ, ಅಣ್ಣ ಸಾಯೂ ಮಟಾ ಆಡ್ಲಿಲ್ಲ."

ನನಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಆಯಿಯ ದನಿ ಇಳಿಯಿತು. "ಮೊನ್ನೆ ಮೊಮ್ಮಗಳು, 'ಅಜ್ಜ ಹೆಂಗಿದ್ದ ಆಯಿ' ಅಂತ ಕೇಳಿದ್ಳು. ಹೇಳಾಕ ಹೋದ್ನಿ, ಮಾರೀನ ನೆನಪ ಬರವಲ್ದು ಯಪ್ಪಾ. ಹೋದ ವರ್ಷದ ತನಕಾ ಬರತಿತ್ತು. ಎಡಿ ಇಟ್ಟ ಬರೇ ಗ್ವಾಡಿಗೆ ಕೈ ಮುಗದಂಗ ಆಗತೈತಿ."

ಅಷ್ಟು ವರ್ಷ ಜೊತೆಗೆ ಬಾಳಿದವರ ಮುಖ ಮರೆಯುವುದೆಂದರೆ ಏನು ಸಂಕಟ ಎಂದು ನನಗೆ ಅವತ್ತೇ ಗೊತ್ತಾದದ್ದು. ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ರುಮಾಲಿನ ಅಂಚಿನಿಂದ ಒಂದೇ ಒಂದು ಕಿವಿ ಹೊರಗೆ ಬಂದಿತ್ತು.

"ಹಾಂ, ಅದು ಅವರದ," ಎಂದಳು ಆಯಿ. "ಎಡಗಿವಿ. ಅದೊಂದು ಸಿಕ್ಕೈತಿ. ಇಲ್ಲಿಂದ ಮುಂದ ನೀ ಮಾಡ್ಕೊ."

ಯಾರನ್ನ ನೋಡಿ?

ಆಯಿಯ ಕೆಲಸ ಏನಾಯಿತು ಎಂದು ಆಮೇಲೆ ಹೇಳುತ್ತೇನೆ. ಫೋಟೋ ಇಲ್ಲದವರ ಕಷ್ಟ ಒಂದು ಬಗೆಯದಾದರೆ, ಇದ್ದವರ ಕಷ್ಟ ಇನ್ನೊಂದು ಬಗೆಯದು.

ಕಿರಾಣಿ ಅಂಗಡಿಯವರ ಮಗನೊಬ್ಬ ತೀರಿಕೊಂಡ ತಂದೆಯ ಫೋಟೋಕ್ಕೆ ಕಟ್ಟು ಹಾಕಿಸಲು ಕೊಟ್ಟಿದ್ದ. ಬಿಡಿಸಿಕೊಳ್ಳಲು ಬರುವಾಗ ತಾಯಿಯನ್ನೂ ಕರೆತಂದ. ಅವನ ಮೊಬೈಲಿನಲ್ಲಿ ಎಂಥದೋ ಹೊಸ ಆ್ಯಪ್ ಇತ್ತಂತೆ. ಹಳೆಯ ಫೋಟೋ ಹಾಕಿದರೆ ಸಾಕು, ಅದರಲ್ಲಿರುವವರು ಕಣ್ಣು ಮಿಟುಕಿಸುತ್ತಾರೆ, ಕತ್ತು ಹೊರಳಿಸುತ್ತಾರೆ, ನಗುತ್ತಾರೆ. ತಾಯಿಗೆ ಖುಷಿಯಾಗಲಿ ಎಂದು ನನ್ನ ಅಂಗಡಿಯಲ್ಲೇ ತೋರಿಸಿದ. ನೋಡಿದರೆ ಖರೇನೇ ಆ ಯಜಮಾನರು ಎಡಕ್ಕೆ ಹೊರಳಿ, ಮೀಸೆಯಡಿಯಲ್ಲಿ ಮೆಲ್ಲಗೆ ನಕ್ಕರು. ನನಗೇ ಮೈ ಜುಮ್ಮೆಂದಿತು.

ತಾಯಿ ಮಾತ್ರ, "ನಿಲ್ಲಸ ಅದನ್ನ," ಎಂದರು.

"ಯಾಕವಾ? ಅಪ್ಪ ನಗಾಕತ್ತಾನ ನೋಡು!"

"ಅದಕ್ಕ ನಿಲ್ಲಸ ಅಂದ್ನಿ. ಸಂಸಾರ ಮಾಡೂತನಕಾ ಒಂದ ದಿವಸಾ ನನ್ನ ನೋಡಿ ನಗಲಿಲ್ಲ. ಅಲ್ಲಿ ಹೋಗಿ ಯಾರನ್ನ ನೋಡಿ ನಗಾಕತ್ತಾನ, ಅದನ್ನ ಮೊದಲ ಕೇಳ."

ಕೈಲಾಸ, ವೈಕುಂಠ

ಹುಕ್ಕೇರಿಯ ಕಡೆಯ ಒಬ್ಬ ಲೆಕ್ಚರರ್ ತಂದೆಯ ಫೋಟೋ ತಂದರು. ಪಕ್ಷದ ಗದ್ದಲದಲ್ಲಿ ತಂದದ್ದರಿಂದ ಮೊದಲೇ ತಿಳಿಸಿ ಹೇಳಿದರು. "ನಮ್ಮದು ಬೌದ್ಧರ ಮನಿರಿ. ಎಡಿ, ಪಕ್ಷ ಏನೂ ಇಲ್ಲ. ದಸರಾ ದಿನ ನಮ್ಮ ಧಮ್ಮದೀಕ್ಷೆಯ ದಿನ, ನಾಗಪುರದಾಗ ಲಕ್ಷಾಂತರ ಮಂದಿ ಬೌದ್ಧರಾದ ದಿನ. ಅವತ್ತ ಬುದ್ಧನ ಮುಂದ ಮೇಣಬತ್ತಿ ಹಚ್ಚಿ ವಂದನಾ ಹೇಳ್ತೇವಿ, ಖೀರ ಮಾಡ್ತೇವಿ. ಬಾಜೂಕ ಅಪ್ಪಂದೂ ಒಂದ ಫೋಟೋ ಇರಲಿ ಅಂತ."

ನಾನು ಹೂಂ ಹೂಂ ಎಂದೆ. ಕಿವಿ ಕೇಳಿಸಿಕೊಂಡಿತು, ಕೈ ಕೇಳಿಸಿಕೊಳ್ಳಲಿಲ್ಲ. ಪಕ್ಷದಲ್ಲಿ ನನ್ನ ಕೈಗೆ ಒಂದು ರೂಢಿ ಬಿದ್ದಿರುತ್ತದೆ: ಹಣೆಗೆ ಕುಂಕುಮ, ಕೊರಳಿಗೆ ಗಂಧದ ಹಾರ, ಕೆಳಗೆ ಬಂಗಾರದ ಅಕ್ಷರದಲ್ಲಿ 'ಕೈಲಾಸವಾಸಿ'. ಇವರ ತಂದೆಗೂ ಅದೆಲ್ಲ ಆಗಿಬಿಟ್ಟಿತ್ತು.

ಲೆಕ್ಚರರ್ ಬಂದು ಫೋಟೋವನ್ನು ಬೆಳಕಿಗೆ ಹಿಡಿದು ಓದಿದರು. ಸಿಟ್ಟಾಗಲಿಲ್ಲ. "ಏನ್ರಿ ಇದು, ಕೈಲಾಸವಾಸಿ?"

ನನಗೆ ಗಾಬರಿ. ಗಾಬರಿಯಲ್ಲಿ ಬಾಯಿಗೆ ಬಂದದ್ದು, "ಸರ್, ತಪ್ಪಾತ್ರಿ, ಅದನ್ನ ತಗದ ವೈಕುಂಠವಾಸಿ ಮಾಡಿ ಕೊಡಲೇನ್ರಿ?"

ಅವರು ಫೋಟೋವನ್ನು ಮೆಲ್ಲಗೆ ಟೇಬಲ್ ಮೇಲಿಟ್ಟರು. "ನಮ್ಮಪ್ಪ ಕೈಲಾಸಕ್ಕ ಹೋಗಿಲ್ರಿ, ವೈಕುಂಠಕ್ಕೂ ಹೋಗಿಲ್ಲ. ಹೋಗಿದ್ದಂದ್ರ ನಾಗಪುರಕ್ಕ. ಅದೂ ಹೋಗೂತನಕಾ ರೈಲಿನಾಗ ನಿಂತಕೊಂಡ."

ಹಾಲವ್ವ

ಇದು ಹೋದ ವರ್ಷ ದೀಪಾವಳಿಯ ಹೊತ್ತಿನದು. ಪರದೇಶದವರಿಗೂ ಆ ಸುಮಾರಿಗೆ ಒಂದು ಪಕ್ಷ ಬರುತ್ತದಂತೆ. ಅವರ ಸತ್ತವರೂ ಆಗ ಮನೆಯ ಕಡೆ ಬರುತ್ತಾರೆ ಎಂಬ ನಂಬಿಕೆಯಂತೆ. ಹುಡುಗರು ದೆವ್ವದ ವೇಷ ಹಾಕಿ ಮನೆಮನೆಗೆ ಹೋದರೆ ಚಾಕಲೇಟು ಕೊಡುತ್ತಾರಂತೆ. ಈಗ ನಮ್ಮ ಕಡೆಯ ಇಂಗ್ಲಿಷ್ ಸಾಲಿಗಳಿಗೂ ಅದು ಬಂದಿದೆ.

ಮೂಡಲಗಿಯವರೊಬ್ಬರು ಗೋಕಾಕದಲ್ಲಿ ಮನೆ ಮಾಡಿದ್ದಾರೆ. ಅವರ ಮನೆಯ ಹುಡುಗಿಯನ್ನು ತಾಯಿ ಬಿಳಿ ಚಾದರ ಹೊದಿಸಿ, ಮುಖಕ್ಕೆ ಪೌಡರ್ ಬಳಿದು, ಕಣ್ಣಿನ ಸುತ್ತ ಕಾಡಿಗೆ ಹಚ್ಚಿ ಫೋಟೋ ತೆಗೆಸಲು ಕರೆತಂದಿದ್ದಳು. ಜೊತೆಗೆ ಅವತ್ತೇ ಮುಂಜಾನೆ ಮೂಡಲಗಿಯಿಂದ ಬಂದಿದ್ದ ಅತ್ತೆ. ಆಯಮ್ಮ ಮೊಮ್ಮಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಏನವಾ ಇದು ಸೋಗು?"

"ದೆವ್ವ ಆಗೇನಿ ಆಯಿ."

ನಮ್ಮ ಕಡೆ ದೆವ್ವ ಎಂದರೆ ಸುಮ್ಮನೆ ದೆವ್ವ ಇರುವುದಿಲ್ಲ. ಪ್ರತಿಯೊಂದು ದೆವ್ವಕ್ಕೂ ಮನೆತನ ಇರುತ್ತದೆ. ಆದ್ದರಿಂದ ಆಯಮ್ಮ ಕೇಳಬೇಕಾದ್ದನ್ನೇ ಕೇಳಿದಳು. "ಯಾರ ದೆವ್ವ?"

ಹುಡುಗಿ ಒಂದು ಕ್ಷಣ ಯೋಚಿಸಿ, "ಹ್ಯಾಲೋವಿನ್ ದೆವ್ವ," ಎಂದಿತು.

"ಹಾಲವ್ವಂದಾ?" ಆಯಮ್ಮ ಎದೆಗೆ ಕೈ ಹಚ್ಚಿಕೊಂಡಳು. "ನಮ್ಮ ಓಣಿ ಹಾಲವ್ವಂದಾ? ಯವ್ವಾ, ಮುಂಜಾನಿ ಬಸ್ ಹತ್ತೂಮುಂದ ಕಟ್ಟಿ ಮ್ಯಾಲ ಕುಂತಿದ್ಳಲ್ಲ! ಯಾವಾಗ ಹೋದ್ಳು?"

ಸೊಸೆ ತಿಳಿಸಿ ಹೇಳಬೇಕೆನ್ನುವಷ್ಟರಲ್ಲಿ ಆಯಮ್ಮ ಅಳುತ್ತಲೇ ಮೊಬೈಲ್ ತೆಗೆದು ಊರಿಗೆ, ಹಾಲವ್ವನ ಮನೆಗೇ ಹಚ್ಚಿಬಿಟ್ಟಿದ್ದಳು. ಆ ಕಡೆ ಫೋನ್ ಎತ್ತಿದ್ದು ಸ್ವತಃ ಹಾಲವ್ವ. ಸ್ಪೀಕರ್ ಮೇಲಿತ್ತು, ನಮಗೆಲ್ಲ ಕೇಳಿಸಿತು.

"ಯಾರ?"

"ಹಾಲವ್ವಾ, ನೀ ಅದೀ ಏನ?"

"ಅದೇನಿ. ಯಾಕ?"

ಆಯಮ್ಮ ಕಣ್ಣೊರೆಸಿಕೊಂಡು, "ಏನಿಲ್ಲವಾ," ಎಂದಳು. "ಇಲ್ಲಿ ಗೋಕಾಕದಾಗ ನಿನ್ನ ದೆವ್ವ ಫೋಟೋ ತಗಸಾಕತ್ತೈತಿ. ಅದಕ್ಕ ಕೇಳಿದ್ನಿ."

ಆ ಕಡೆಯ ಕಿವಿ

ಈಗ ಮಮದಾಪುರದ ಆಯಿಗೆ ಬರುತ್ತೇನೆ.

ಬರೀ ಕಿವಿಯಿಂದ ಮನುಷ್ಯನನ್ನು ಮಾಡುವ ವಿದ್ಯೆ ನನಗೆ ಬರುವುದಿಲ್ಲ. ಅವಳ ಮಗನನ್ನು ಕರೆಸಿ, "ನಿಮ್ಮಪ್ಪನ್ನ ಹೋಲೂವರು ಯಾರರೆ ಅದಾರೇನು?" ಎಂದು ಕೇಳಿದೆ. ಅವನು ತಾಯಿಯ ಮುಖ ನೋಡಿದ. ತಾಯಿ ಗೋಡೆ ನೋಡಿದಳು. ಕೊನೆಗೆ ಅವನೇ ಬಾಯಿಬಿಟ್ಟ. "ಕಾಕಾ ಹೋಲತಾನ್ರಿ. ಮಂದಿ ಎಲ್ಲಾರೂ ಅಂತಾರ." ಕಾಕಾ ಎಂದರೆ ಅದೇ ಮೈದುನ, ಫೋಟೋದಲ್ಲಿ ಅಡ್ಡ ನಿಂತವನು.

ಮೈದುನ ಬಂದ. ಈಗ ಅವನಿಗೂ ತಲೆ ಪೂರಾ ಬೆಳ್ಳಗಾಗಿದೆ. ಸ್ಟೂಲಿನ ಮೇಲೆ ಕುಳಿತು, ಆಯಿ ತಂದಿದ್ದ ಅಣ್ಣನ ರುಮಾಲು ತೆಗೆದುಕೊಂಡು ಸುತ್ತತೊಡಗಿದ. ಆಯಿ ಎದುರಿಗೆ ನಿಂತು, "ಹಂಗಲ್ಲ, ಬಿಚ್ಚು," ಎಂದಳು. ಬಿಚ್ಚಿದ. ಮತ್ತೆ ಸುತ್ತಿದ. "ಇನ್ನ ಬಿಗಿ. ಕಿವಿ ಹೊರಗ ಬರಲಿ. ಅವರು ಹಂಗ ಸುತ್ತತಿದ್ರು." ಮತ್ತೆ ಬಿಚ್ಚಿದ, ಮತ್ತೆ ಸುತ್ತಿದ. ಅಣ್ಣ ಹೇಳಿದ್ದಕ್ಕೆ ಜನ್ಮಪೂರ್ತಿ ಸೆಟಗೊಂಡವನು ಅವತ್ತು ತುಟಿ ಪಿಟಕ್ಕೆನ್ನದೆ ಹೇಳಿದಂತೆ ಸುತ್ತಿದ.

ಫೋಟೋ ತೆಗೆದ ಮೇಲೆ ಆಯಿ ಒಂದು ಹಟ ಹಿಡಿದಳು. "ಆ ಕಿವಿ ಬಿಡಬ್ಯಾಡ. ಅದೊಂದಾರೆ ಅವರದ ಇರಲಿ." ಸರಿ, ಹಳೆಯ ಫೋಟೋದ ಎಡಗಿವಿಯನ್ನು ಕತ್ತರಿಸಿ ಹೊಸದಕ್ಕೆ ಕೂಡಿಸಿದೆ. ಆಯಿ ಕಂಪ್ಯೂಟರಿನ ಹತ್ತಿರ ಮುಖ ತಂದು ಅದನ್ನು ನೋಡಿದಳು.

"ಇವರಲ್ಲ," ಎಂದಳು. "ಇಷ್ಟ ದಪ್ಪ ಮೂಗ ಇದ್ದಿಲ್ಲ ಅವರದು. ಗಲ್ಲದ ಮ್ಯಾಲ ಒಂದ ಗೆರಿ ಇತ್ತು, ಎತ್ತ ಹಾಯ್ದದ್ದು. ಹುಬ್ಬ ಕೂಡಿದ್ವು..." ಹೇಳುತ್ತ ಹೇಳುತ್ತ ಅವಳ ಮುಖ ಅರಳಿತು. "ಬಂತು ಯಪ್ಪಾ, ಬಂತು! ಇದು ಅವರದಲ್ಲ, ಅದು ಅವರದಲ್ಲ ಅಂತ ನೋಡಕೋತ ಹೋದ್ರ ಅವರ ಮಾರಿ ನೆನಪ ಬಂತು."

ನಾನು ಮೂಗು ತೆಳ್ಳಗೆ ಮಾಡಿದೆ, ಗಲ್ಲಕ್ಕೆ ಗೆರೆ ಹಾಕಿದೆ. ಎಷ್ಟು ಮಾಡಿದರೂ ಅಲ್ಲಿ ಕುಳಿತಿದ್ದವನು ಮೈದುನನೇ.

ಅಮಾವಾಸ್ಯೆಗೆ ಫೋಟೋ ನೀನೇ ತಂದು ಹಚ್ಚಬೇಕು, ಉಂಡು ಹೋಗಬೇಕು ಎಂದು ಆಯಿಯ ಅಪ್ಪಣೆ. ಹೋದೆ. ಗೋಡೆಗೆ ಮೊಳೆ ಹೊಡೆದು, ಕುಳಿತವರ ಎತ್ತರಕ್ಕೆ ಫೋಟೋ ಹಚ್ಚಿದೆ. ಮುಂದೆ ಎಡೆ ಇಟ್ಟರು: ಹೋಳಿಗೆ, ವಡೆ, ಬದನೆಕಾಯಿ ಎಣಗಾಯಿ, ಒಂದು ಚಿಟಿಕೆ ತಂಬಾಕು. ಮೊಮ್ಮಗಳು ಒಮ್ಮೆ ಫೋಟೋ, ಒಮ್ಮೆ ಅದರ ಕೆಳಗೆ ಕುಳಿತಿದ್ದ ಮೈದುನನನ್ನು ನೋಡಿ, "ಆಯಿ, ಅಜ್ಜ ಮ್ಯಾಲೂ ಅದಾನ, ಕೆಳಗೂ ಅದಾನ," ಎಂದಳು. ಅವಳನ್ನು ಕಾಗೆ ನೋಡಲು ಮಾಳಿಗೆಗೆ ಅಟ್ಟಿದರು.

ಮಾಳಿಗೆಯ ಮೇಲೂ ಒಂದು ಎಡೆ ಇಟ್ಟಿದ್ದರು; ಅದನ್ನು ಕಾಗೆ ಮುಟ್ಟುವ ತನಕ ಮನೆಯವರು ಉಣ್ಣುವಂತಿಲ್ಲ. ಹಿರಿಯರು ಕಾಗೆಯ ರೂಪದಲ್ಲಿ ಬರುತ್ತಾರೆ. ಬಾರದಿದ್ದರೆ ಅವರಿಗೇನೋ ಆಸೆ ಉಳಿದಿದೆ, ಇಲ್ಲವೇ ಸಿಟ್ಟಿದೆ ಎಂದರ್ಥ. ಅವತ್ತು ಕಾಗೆ ಪಕ್ಕದ ಮನೆಯ ಮಾಳಿಗೆಗೆ ಬಂತು, ಅದರ ಪಕ್ಕದ ಮನೆಗೂ ಬಂತು, ಇಲ್ಲಿಗೆ ಬರಲಿಲ್ಲ. ಹೋಳಿಗೆಯ ವಾಸನೆಗೆ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು. ಮಗ ಕೈಮುಗಿದು, "ಅಪ್ಪಾ, ಹೊಲ ಮಾರೂದಿಲ್ಲ, ಬಾ," ಎಂದ. ಬರಲಿಲ್ಲ. ಸೊಸೆ, "ಮಾವಾರು ಚಾ ಕುಡೀತಿದ್ರು," ಎಂದು ನೆನಪಿಸಿಕೊಂಡು ಚಹಾ ತಂದಿಟ್ಟಳು. ಬರಲಿಲ್ಲ. ಆಗ ಎಲ್ಲರೂ ಒಬ್ಬೊಬ್ಬರಾಗಿ ಮೈದುನನ ಕಡೆ ತಿರುಗಿದರು.

ಅವನು ಎದ್ದ. ಫೋಟೋದ ಹತ್ತಿರ ಮೊಣಕಾಲೂರಿ ಕೈಮುಗಿದು, ಕಿವಿಯ ಹತ್ತಿರ ಬಾಗಿದ.

"ಅಣ್ಣಾ," ಎಂದ. ಅಷ್ಟಕ್ಕೇ ಅವನ ದನಿ ಒಡೆಯಿತು. "ಅವತ್ತ ನಾ ಅಡ್ಡ ನಿಲ್ಲಬಾರದಿತ್ತು. ನಿನ್ನ ಮಾರಿ ಮುಚ್ಚಬಾರದಿತ್ತು. ತಪ್ಪಾತೋ. ನೋಡು, ರುಮಾಲ ನೀ ಹೇಳಿದಂಗ ಸುತ್ತೇನಿ. ಬಾ, ಉಣ್ಣಾಕ ಬಾ."

ಒಬ್ಬ ಮನುಷ್ಯ ತನ್ನದೇ ಫೋಟೋಕ್ಕೆ ಕೈಮುಗಿದು ಅಳುತ್ತಿದ್ದ. ಯಾರೂ ನಗಲಿಲ್ಲ. ಮಗ ಕಣ್ಣೊರೆಸಿಕೊಂಡ, ಸೊಸೆ ಕಣ್ಣೊರೆಸಿಕೊಂಡಳು, ನನ್ನ ಕಣ್ಣೂ ತುಂಬಿದವು. ಎಲ್ಲರೂ ಮೇಲಕ್ಕೆ ಕಿವಿಗೊಟ್ಟೆವು. ಮಾಳಿಗೆಯ ಮೇಲೆ ಸದ್ದೇ ಇಲ್ಲ.

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು, ಫೋಟೋವನ್ನೂ ಮೈದುನನನ್ನೂ ನೋಡಿ ಹಣೆ ಚಚ್ಚಿಕೊಂಡಳು.

"ಅದು ಬಲಗಿವಿ, ನಿಂದೋ ಯಪ್ಪಾ! ಅವರದು ಆ ಕಡಿ ಐತಿ. ಆ ಕಡಿ ಹೋಗಿ ಹೇಳು!"

ಮೈದುನ ಮೊಣಕಾಲ ಮೇಲೇ ಸರಿದು ಆ ಕಡೆ ಹೋದ, ಎಡಗಿವಿಗೆ ಬಾಯಿ ಹಚ್ಚಿ ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿದ. ಅವನು ಮುಗಿಸಿದ್ದನೋ ಇಲ್ಲವೋ, ಮಾಳಿಗೆಯಿಂದ ಮೊಮ್ಮಗಳು ಕಿರುಚಿದಳು.

"ಆಯೀ, ಅಜ್ಜ ಬಂದಾ! ಎಣಗಾಯಿ ತಗೊಂಡ ಹಾರಿದಾ!"